4 ಟನ್ ಎತ್ತುವ ಮಷೀನ್ 1 ಟನ್‌ಗೇ ಯಾಕೆ ಕೂಗುತ್ತೆ?

ಪ್ರಶ್ನೆ: ವಿಜಯಪುರದ ಹತ್ತಿರ ಡೋಣಿ ಸೀಮೆಯ ಎರೆಹೊಲದಲ್ಲಿ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಕಟ್ಟಿಸುತ್ತಿದ್ದೇನೆ. ಮಾಲು ಏರಿಸಲು ಹಳೆಯ ಟೆಲಿಹ್ಯಾಂಡ್ಲರ್ (ಮುಂದಕ್ಕೆ ಚಾಚುವ ಬೂಮ್, ಅಂದರೆ ಉದ್ದ ತೋಳು ಇರುವ ಎತ್ತುವ ಯಂತ್ರ) ಒಂದನ್ನು ಕೊಂಡಿದ್ದೇನೆ. ಪ್ಲೇಟ್ ಮೇಲೆ 4 ಟನ್, 14 ಮೀಟರ್ ಎಂದಿದೆ. ಮುಂದೆ ನೆಲಕ್ಕೆ ಊರುವ ಎರಡು ಸ್ಟೆಬಿಲೈಸರ್ ಕಾಲು ಇವೆ. ಎಎಸಿ ಬ್ಲಾಕ್‌ನ (ಹಗುರ ಕಾಂಕ್ರೀಟ್ ಇಟ್ಟಿಗೆಯ) ಒಂದು ಪ್ಯಾಲೆಟ್ ಹೆಚ್ಚೆಂದರೆ 1 ಟನ್ ಇರಬಹುದು. ಅದನ್ನು ಮೇಲಿನ ಸ್ಲ್ಯಾಬ್ ಮೇಲಿಡಲು ಬೂಮ್ ಚಾಚಿದರೆ ಕೆಂಪು ದೀಪ ಹತ್ತುತ್ತದೆ, ಅಲಾರಂ ಕೂಗುತ್ತದೆ, ಬೂಮ್ ಅಲ್ಲೇ ನಿಂತುಬಿಡುತ್ತದೆ. ಮಾರಿದವರು ‘ಸೆನ್ಸರ್ ಜಾಸ್ತಿ ಸೂಕ್ಷ್ಮ ಇದೆ, ಒಂದು ವೈರ್ ಕಿತ್ತರೆ ಸರಿಯಾಗುತ್ತೆ’ ಅನ್ನುತ್ತಾರೆ. ಆಪರೇಟರ್ ಮೊದಲು ಜೆಸಿಬಿ ಓಡಿಸುತ್ತಿದ್ದ ಹುಡುಗ. ಹೋದ ವಾರ ಮಳೆಯಾದ ಮರುದಿನ ಎಡಗಡೆ ಸ್ಟೆಬಿಲೈಸರ್ ಒಂದು ಗೇಣು ಇಳಿದು ಮಷೀನ್ ವಾಲಿತು, ಏನೂ ಆಗಲಿಲ್ಲ. ಪ್ಯಾನೆಲ್ ಬೋಲ್ಟ್ ಹಾಕಲು ಇಬ್ಬರನ್ನು ಪ್ಯಾಲೆಟ್ ಮೇಲೆ ನಿಲ್ಲಿಸಿ ಏರಿಸಿದ್ದೂ ಇದೆ. ವೈರ್ ಕೀಳಲಾ? ಇಲ್ಲಾ ಸುಮ್ನೆ ಬಾಡಿಗೆ ಹೈಡ್ರಾ ಕ್ರೇನ್‌ಗೇ ವಾಪಸ್ ಹೋಗಲಾ?

ಉತ್ತರ: ವೈರ್ ಕೀಳಬೇಡಿ. ಹೈಡ್ರಾಗೂ ಹೋಗಬೇಕಾಗಿಲ್ಲ.

ಎತ್ತುವ ಯಂತ್ರಗಳ ತಪಾಸಣೆ ನನ್ನ ಕೆಲಸ. ಹಾಗಾಗಿ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಅಲಾರಂ ಮೇಲೆ ನಿಲ್ಲಲಿಲ್ಲ. ‘ಒಂದು ಗೇಣು ಇಳಿದು ಮಷೀನ್ ವಾಲಿತು, ಏನೂ ಆಗಲಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಅಲ್ಲಿ ನಿಂತಿತು. ಕೂಗುವ ಅಪಾಯ ನಿಮಗೆ ತಲೆನೋವಾಗಿದೆ. ಕೂಗದೇ ಇದ್ದದ್ದು ಅದಕ್ಕಿಂತ ದೊಡ್ಡದು. ಅದಕ್ಕೆ ಬರುತ್ತೇನೆ, ಮೊದಲು ನೀವು ಕೇಳಿದ್ದನ್ನು ನೋಡೋಣ.

ಪ್ಲೇಟ್ ಮೇಲಿನ 4 ಟನ್ ಸುಳ್ಳಲ್ಲ. ಆದರೆ ಅದು ಬೂಮ್ ಒಳಗೆ ಎಳೆದುಕೊಂಡು, ಮಾಲು ಮಷೀನಿಗೆ ಹತ್ತಿರ ಇದ್ದಾಗಿನ ಮಾತು. ಮಾಡೆಲ್ ನಂಬರೂ ಇದೇ ಭ್ರಮೆ ಹುಟ್ಟಿಸುತ್ತದೆ. ಜೆಸಿಬಿ ಕಂಪನಿಯವರು 1977ರಲ್ಲಿ ಲೋಡಾಲ್ ಹೆಸರಲ್ಲಿ ಟೆಲಿಹ್ಯಾಂಡ್ಲರ್ ತಂದರು. ಅವರ ಲೆಕ್ಕದಲ್ಲಿ 530-70 ಅಂದರೆ 3 ಟನ್, 7 ಮೀಟರ್. 540-140 ಅಂದರೆ 4 ಟನ್, 14 ಮೀಟರ್. ಎರಡೂ ನಿಜವೇ. ಬೂಮ್ ಮುಂದಕ್ಕೆ ಚಾಚಿದರೆ ಎಷ್ಟು ಎತ್ತುತ್ತೆ ಅನ್ನೋದು ಮಾತ್ರ ಆ ನಂಬರಿನಲ್ಲಿ ಎಲ್ಲೂ ಇಲ್ಲ. ನಿಮಗೆ ಬೇಕಾಗಿರೋದು ಅದೇ.

ಚಕ್ಕಡಿ ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಚ್ಚಿನ ಹಿಂದೆ ಭಾರ ಜಾಸ್ತಿಯಾದರೆ ನೊಗ ಮೇಲೇಳುತ್ತದೆ. ಚೀಲ ಅಷ್ಟೇ ಇದ್ದರೂ ಹಿಂದಕ್ಕೆ ಸರಿಸಿದಷ್ಟೂ ಬೇಗ ಏಳುತ್ತದೆ. ನಿಮ್ಮ ಮಷೀನಿನಲ್ಲಿ ಆ ಅಚ್ಚಿನ ಜಾಗದಲ್ಲಿ ಮುಂದಿನ ಸ್ಟೆಬಿಲೈಸರ್ ಇದೆ, ಮೇಲೇಳೋದು ಹಿಂದಿನ ಚಕ್ರ. ಸ್ಟೆಬಿಲೈಸರ್‌ನಿಂದ 2 ಮೀಟರ್ ಮುಂದೆ 4 ಟನ್ ಇಟ್ಟರೆ ಮಷೀನನ್ನು ಮುಂದಕ್ಕೆ ಮಗುಚುವ ಎಳೆತ 2 ಗುಣಿಲೆ 4, ಅಂದರೆ 8. ಅದೇ 8ರ ಎಳೆತ 8 ಮೀಟರ್ ದೂರದಲ್ಲಿ ಬರೀ 1 ಟನ್‌ಗೇ ಬಂದುಬಿಡುತ್ತದೆ. ಚಾಚಿದ ಬೂಮ್‌ನ ಸ್ವಂತ ತೂಕವೂ ಮುಂದಕ್ಕೆ ಹೋಗಿರುತ್ತದೆ, ಅದನ್ನು ಈ ಲೆಕ್ಕದಲ್ಲಿ ಹಿಡಿದೇ ಇಲ್ಲ. 4 ಟನ್, 14 ಮೀಟರ್ ವರ್ಗದ ಮಷೀನುಗಳಲ್ಲಿ ಸ್ಟೆಬಿಲೈಸರ್ ಊರಿ ಪೂರ್ತಿ ಚಾಚಿದಾಗ ಸಿಗೋದು ಸಾಮಾನ್ಯವಾಗಿ 1 ಟನ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಸ್ಟೆಬಿಲೈಸರ್ ಊರದೆ ಚಕ್ರದ ಮೇಲೇ ನಿಂತರೆ ಅದರ ಅರ್ಧವೂ ಸಿಗೋದಿಲ್ಲ.

ಇನ್ನು ಪ್ಯಾಲೆಟ್. ‘ಹೆಚ್ಚೆಂದರೆ 1 ಟನ್’ ಅಂದಿದ್ದೀರಿ, ತೂಕ ಹಾಕಿಸಿದ್ದೀರಾ? 600, 200, 200 ಮಿಲಿಮೀಟರ್ ಅಳತೆಯ ಎಎಸಿ ಬ್ಲಾಕ್ 60 ಇದ್ದರೆ 1.44 ಘನ ಮೀಟರ್ ಆಗುತ್ತದೆ. ಘನ ಮೀಟರಿಗೆ 600 ಕಿಲೋ ಹಿಡಿದರೆ 864 ಕಿಲೋ. ಇದು ಪೂರ್ತಿ ಒಣಗಿದ ಬ್ಲಾಕ್‌ನ ಲೆಕ್ಕ. ಫ್ಯಾಕ್ಟರಿಯಿಂದ ಹೊಸದಾಗಿ ಬಂದ ಬ್ಲಾಕ್‌ನಲ್ಲಿ ನೀರು ಶೇ. 30ರಷ್ಟು ಇರಬಹುದು. ಆಗ 1,120 ಕಿಲೋ ದಾಟಿತು. ಮೇಲೆ ಮರದ ಪ್ಯಾಲೆಟ್ ತೂಕ ಬೇರೆ. ಟಾರ್ಪಾಲ್ ಹೊದಿಸದೆ ಬಯಲಲ್ಲಿ ಒಟ್ಟಿದ ಬ್ಲಾಕ್ ಮಳೆಯಲ್ಲಿ ನೆನೆದಿದ್ದರಂತೂ ಕೇಳಲೇಬೇಡಿ.

ಇನ್ನೊಂದು ಸಣ್ಣ ವಿಷಯವನ್ನು ಯಾರೂ ನೋಡೋದಿಲ್ಲ. ಎಷ್ಟು ದೂರಕ್ಕೆ ಎಷ್ಟು ಎತ್ತಬಹುದು ಎಂದು ಹೇಳುವ ಲೋಡ್ ಚಾರ್ಟ್‌ನಲ್ಲಿರುವ ತೂಕವೆಲ್ಲ ಫೋರ್ಕ್‌ನ (ಮಾಲು ಹೊರುವ ಉಕ್ಕಿನ ಕೋಡುಗಳ) ಬುಡದಿಂದ ಇಂತಿಷ್ಟು ದೂರದಲ್ಲಿ ಮಾಲಿನ ನಡುಭಾಗ ಇರುತ್ತೆ ಎಂದುಕೊಂಡು ಹಾಕಿದ್ದು. ಈ ಗಾತ್ರದ ಮಷೀನುಗಳಲ್ಲಿ ಅದು ಸಾಮಾನ್ಯವಾಗಿ 500 ಮಿಲಿಮೀಟರ್. 1.2 ಮೀಟರ್ ಉದ್ದದ ಪ್ಯಾಲೆಟ್‌ಗೆ ಫೋರ್ಕನ್ನು ಉದ್ದಕ್ಕೆ ತೂರಿಸಿದರೆ ನಡುಭಾಗ 600ಕ್ಕೆ ಹೋಗುತ್ತದೆ. ಪ್ಯಾಲೆಟ್ ಬುಡಕ್ಕೆ ತಾಗದೆ ಒಂದು ಹಿಡಿ ಮುಂದೆ ಉಳಿದಿದ್ದರೆ ಇನ್ನೂ ದೂರ.

ಹಾಗಾದರೆ ಸೆನ್ಸರ್ ಕೆಡೋದೇ ಇಲ್ಲವಾ? ಕೆಡುತ್ತದೆ. ಹಳೇ ಮಷೀನಿನಲ್ಲಿ ಅದರ ಕ್ಯಾಲಿಬ್ರೇಷನ್ ತಪ್ಪಿರುತ್ತದೆ, ಹಿಂದಿನ ಆಕ್ಸಲ್ ಮೇಲಿನ ಸೆನ್ಸರ್‌ಗೆ ಏಟು ಬಿದ್ದಿರುತ್ತದೆ, ಕನೆಕ್ಟರ್ ಒಳಗೆ ನೀರು ಹೋಗಿರುತ್ತದೆ. ಆದರೆ ಅದನ್ನು ಊಹೆಯಿಂದ ಹೇಳಬಾರದು, ಕಾಟಾ ಇಟ್ಟು ಹೇಳಬೇಕು. ಒಂದು ಪ್ಯಾಲೆಟನ್ನು ಹತ್ತಿರದ ವೇಬ್ರಿಡ್ಜ್‌ಗೆ ಒಯ್ದು ತೂಕ ಮಾಡಿಸಿ ಚೀಟಿ ತನ್ನಿ. ಗಟ್ಟಿಯಾದ, ಮಟ್ಟಸವಾದ ನೆಲದ ಮೇಲೆ ಮಷೀನ್ ನಿಲ್ಲಿಸಿ ಸ್ಟೆಬಿಲೈಸರ್ ಊರಿ. ಪ್ಯಾಲೆಟನ್ನು ನೆಲದಿಂದ ಒಂದು ಅಡಿಯಷ್ಟೇ ಎತ್ತಿ. ಆ ಎತ್ತರ ಬಿಡದೆ ನಿಧಾನವಾಗಿ ಮುಂದಕ್ಕೆ ಚಾಚಿ. ಬೂಮ್ ಎಲ್ಲಿ ನಿಂತಿತೋ ಅಲ್ಲಿಗೆ ಟೇಪ್ ಹಿಡಿಯಿರಿ. ಕ್ಯಾಬಿನ್‌ನಲ್ಲಿರುವ ಚಾರ್ಟ್ ಆ ತೂಕಕ್ಕೆ ಎಷ್ಟು ದೂರ ಹೇಳುತ್ತೆ ನೋಡಿ. ಎರಡೂ ಹತ್ತಿರ ಹತ್ತಿರ ಇದ್ದರೆ ಸೆನ್ಸರ್ ಸರಿ ಇದೆ, ನಮ್ಮ ನಿರೀಕ್ಷೆಯೇ ತಪ್ಪು. ತುಂಬಾ ಮೊದಲೇ ನಿಂತರೆ ಕಂಪನಿಯ ಸರ್ವಿಸ್‌ನವರಿಂದ ಕ್ಯಾಲಿಬ್ರೇಟ್ ಮಾಡಿಸಿ. ಚಾರ್ಟ್ ಹೇಳಿದ ದೂರ ದಾಟಿದರೂ ಕೂಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಒಳಗೆ ಎಳೆದುಕೊಳ್ಳಿ. ಸೆನ್ಸರ್ ಕೆಟ್ಟಿರಬೇಕು, ಇಲ್ಲಾ ಆ ಮಷೀನಿನಲ್ಲಿ ಯಾರೋ ಈಗಾಗಲೇ ಕೈ ಆಡಿಸಿರಬೇಕು.

ಕ್ಯಾಬಿನ್‌ನಲ್ಲಿ ಚಾರ್ಟೇ ಇಲ್ಲವಾ? ಹಳೇ ಮಷೀನುಗಳಲ್ಲಿ ಎಷ್ಟೋ ಸಲ ಸ್ಟಿಕರ್ ಮಾಸಿ ಹೋಗಿರುತ್ತದೆ, ಅದರ ಮೇಲೆ ದೇವರ ಫೋಟೋ ಅಂಟಿಸಿರುತ್ತಾರೆ. ದೇವರು ಇರಲಿ, ಪಕ್ಕಕ್ಕೆ ಇರಲಿ. ಸೀರಿಯಲ್ ನಂಬರ್ ಕೊಟ್ಟು ಅದೇ ಮಾಡೆಲ್‌ನ ಚಾರ್ಟ್ ತರಿಸಿ. ಫೋರ್ಕ್, ಬಕೆಟ್, ಹುಕ್ ಇರುವ ಜಿಬ್, ಒಂದೊಂದಕ್ಕೂ ಬೇರೆ ಚಾರ್ಟ್. ಫೋರ್ಕ್‌ನ ಚಾರ್ಟ್ ನೋಡಿ ಜಿಬ್‌ನಲ್ಲಿ ಎತ್ತುವ ಹಾಗಿಲ್ಲ.

ಅಲಾರಂ ಕೂಗಿದಾಗ ಬೂಮ್ ಇನ್ನೂ ಚಾಚಲು, ಕೆಳಗಿಳಿಸಲು ಮಷೀನ್ ಬಿಡೋದಿಲ್ಲ. ಒಳಗೆ ಎಳೆದುಕೊಳ್ಳಲು ಬಿಡುತ್ತದೆ. ಚಾಚಬಾರದು ಅನ್ನೋದು ಎಲ್ಲರಿಗೂ ಅರ್ಥವಾಗುತ್ತದೆ. ಇಳಿಸಲು ಯಾಕೆ ಬಿಡಲ್ಲ ಅನ್ನೋದರಲ್ಲಿ ಎಷ್ಟೋ ಆಪರೇಟರ್‌ಗಳು ಎಡವುತ್ತಾರೆ. 12 ಮೀಟರ್ ಉದ್ದದ ಬೂಮ್ 60 ಡಿಗ್ರಿಯಲ್ಲಿ ನಿಂತಿದೆ ಅನ್ನಿ. ಮಾಲು ಬೂಮ್‌ನ ಬುಡದಿಂದ ಅಡ್ಡಕ್ಕೆ 6 ಮೀಟರ್ ದೂರ ಇರುತ್ತದೆ. ಉದ್ದ ಹಾಗೇ ಬಿಟ್ಟು 30 ಡಿಗ್ರಿಗೆ ಇಳಿಸಿದರೆ ಆ ದೂರ 10.4 ಮೀಟರ್ ಆಗುತ್ತದೆ. ಆಪರೇಟರ್ ಚಾಚುವ ಲಿವರ್ ಮುಟ್ಟಿಯೇ ಇಲ್ಲ, ಆದರೂ ಮಾಲು 4 ಮೀಟರ್‌ಗಿಂತ ಜಾಸ್ತಿ ಮುಂದೆ ಹೋಯಿತು. ‘ಕೆಳಗೆ ಇಳಿಸುತ್ತಿದ್ದೆ ಸಾರ್, ಏನೂ ಮಾಡಿಲ್ಲ’ ಎಂಬ ಮಾತು ನನಗೆ ಹೊಸದಲ್ಲ. ಸ್ಲ್ಯಾಬ್ ಮೇಲಿಂದ ಮಾಲು ವಾಪಸ್ ತರುವಾಗ ಮೊದಲು ಒಳಗೆ ಎಳೆಯಬೇಕು, ಆಮೇಲೆ ಇಳಿಸಬೇಕು. ನಿಮ್ಮ ಹುಡುಗ ಜೆಸಿಬಿಯಲ್ಲಿ ಕಲಿತವನು. ಆ ಅಗೆಯುವ ಮಷೀನಿನಲ್ಲಿ ಬಕೆಟನ್ನು ಧಡಕ್ಕನೆ ಬಿಟ್ಟು ಗಕ್ಕನೆ ಹಿಡಿಯೋದು ಅಭ್ಯಾಸವಾಗಿರುತ್ತದೆ. ಇಲ್ಲಿ ಹಾಗೆ ಹಿಡಿದರೆ ಆ ಜಗ್ಗಿಗೇ 1 ಟನ್ ಮಾಲು ಒಂದು ಕ್ಷಣಕ್ಕೆ ಒಂದೂವರೆ ಟನ್ ಆದಂತೆ ಎಳೆಯಬಹುದು.

ಈಗ ಆ ಒಂದು ಗೇಣಿನ ವಿಷಯ.

ಅಲಾರಂ ವ್ಯವಸ್ಥೆ ನೋಡೋದು ಹಿಂದಿನ ಆಕ್ಸಲ್ ಮೇಲೆ ಎಷ್ಟು ಭಾರ ಉಳಿದಿದೆ ಅನ್ನೋದನ್ನು. ಅಂದರೆ ಮಷೀನ್ ಮುಂದಕ್ಕೆ ಮುಗ್ಗರಿಸುತ್ತಾ ಅನ್ನೋದಷ್ಟೇ ಅದಕ್ಕೆ ಗೊತ್ತು. ಪಕ್ಕಕ್ಕೆ ಬೀಳೋದು ಅದಕ್ಕೆ ಕಾಣೋದೇ ಇಲ್ಲ. ಎರಡು ಸ್ಟೆಬಿಲೈಸರ್ ನಡುವೆ ಸುಮಾರು 2.5 ಮೀಟರ್ ಇರುತ್ತದೆ. ಒಂದು ಕಡೆ 20 ಸೆಂಟಿಮೀಟರ್ ಇಳಿದರೆ ಮಷೀನ್ ನಾಲ್ಕೂವರೆ ಡಿಗ್ರಿ ವಾಲಿತು. 12 ಮೀಟರ್ ಎತ್ತರದಲ್ಲಿರುವ ಮಾಲು ಆಗ ಹೆಚ್ಚುಕಡಿಮೆ 1 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಆ 1 ಮೀಟರ್ ಸರಿದಾಗ ಇಳಿದ ಕಾಲಿನ ಮೇಲೆ ಇನ್ನಷ್ಟು ಭಾರ ಬೀಳುತ್ತದೆ, ಅದು ಇನ್ನಷ್ಟು ಇಳಿಯುತ್ತದೆ. ಇದು ಒಮ್ಮೆ ಶುರುವಾದರೆ ತಾನಾಗಿ ನಿಲ್ಲೋದಿಲ್ಲ. ಆವತ್ತು ನಿಮ್ಮ ಬೂಮ್ ಕೆಳಗಿತ್ತೋ, ಖಾಲಿ ಇತ್ತೋ ನನಗೆ ಗೊತ್ತಿಲ್ಲ. ಇದ್ದಿರಬೇಕು, ಅದಕ್ಕೇ ನೀವು ನನಗೆ ಪತ್ರ ಬರೆದಿದ್ದೀರಿ.

ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅನ್ನುತ್ತಾರಲ್ಲ, ಆ ಬಿಳಿಜೋಳ ಬೆಳೆಯುವ ಎರೆಯೇ ಮಷೀನಿಗೆ ಶತ್ರು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನ ಹಾಗೆ ಗಟ್ಟಿ ಕಾಣುತ್ತದೆ. ಮಳೆ ನೀರು ಅದೇ ಬಿರುಕಿನಲ್ಲಿ ಒಳಗಿಳಿಯುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಮೇಲೆ ಹೊಪ್ಪಳಿಕೆ ಒಣಗುತ್ತದೆ, ಕೆಳಗೆ ಮೆತ್ತಗೇ ಇರುತ್ತದೆ. ಆಪರೇಟರ್ ಕಾಲಲ್ಲಿ ಒದ್ದು ನೋಡಿ ‘ಗಟ್ಟಿ ಐತಿ’ ಅನ್ನುತ್ತಾನೆ.

ಕಾಲಲ್ಲಿ ಒದೆಯಬೇಡಿ, ಒಂದು ಅಡಿ ಅಗೆದು ಹೆಬ್ಬೆರಳು ಒತ್ತಿ. ಪಾಯದ ಎಂಜಿನಿಯರ್‌ಗಳು ಅಂದಾಜಿಗೆ ಇಟ್ಟುಕೊಂಡಿರುವ ಲೆಕ್ಕ ಇದು. ಸಾಧಾರಣ ಒತ್ತಡಕ್ಕೇ ಹೆಬ್ಬೆರಳ ಗುರುತು ಬಿದ್ದರೆ ಆ ಮಣ್ಣು ಚದರ ಮೀಟರಿಗೆ 10 ಟನ್ ಆಸುಪಾಸು ತಡೆಯುತ್ತದೆ. ಬೆರಳು ಸಲೀಸಾಗಿ ಒಳಗೆ ಹೋದರೆ 5 ಟನ್. ನಿಮ್ಮ ಮಷೀನಿನ ತೂಕ 11 ಟನ್ ಆಸುಪಾಸು ಇರುತ್ತದೆ. 1 ಟನ್ ಮಾಲು ಪೂರ್ತಿ ಚಾಚಿದಾಗ ಹಿಂದಿನ ಚಕ್ರ ಹಗುರಾಗಿ, ಹತ್ತಿರ ಹತ್ತಿರ 12 ಟನ್ನೂ ಎರಡು ಸ್ಟೆಬಿಲೈಸರ್ ಮೇಲೆ ಕೂರುತ್ತದೆ. ಒಂದೊಂದಕ್ಕೆ 6 ಟನ್. ಪ್ಯಾಡ್ 40 ಸೆಂಟಿಮೀಟರ್ ಚೌಕ ಇದ್ದರೆ ಮಣ್ಣಿನ ಮೇಲೆ ಬೀಳೋದು ಚದರ ಮೀಟರಿಗೆ 37.5 ಟನ್. ತಡೆಯೋದು 10, ಬೀಳೋದು 37. ಗೇಣಿಗೇ ನಿಂತದ್ದು ನಿಮ್ಮ ಪುಣ್ಯ.

ಅದೇ ಪ್ಯಾಡ್ ಕೆಳಗೆ 1 ಮೀಟರ್ ಚೌಕದ ಗಟ್ಟಿ ಹಾಸು ಕೊಟ್ಟರೆ ಒತ್ತಡ 6 ಟನ್‌ಗೆ ಇಳಿಯುತ್ತದೆ. ಗಟ್ಟಿ ಹಾಸು ಅಂದರೆ ಸೆಂಟ್ರಿಂಗ್ ಪ್ಲೈವುಡ್ ಅಲ್ಲ, ತೆಳು ತಗಡೂ ಅಲ್ಲ. ಅವು ನಡುವೆ ಬಾಗಿ, ಅಂಚು ಮೇಲೆದ್ದು, ಭಾರ ಮತ್ತೆ ಅದೇ 40 ಸೆಂಟಿಮೀಟರ್ ಮೇಲೇ ಬೀಳುತ್ತದೆ. ದಪ್ಪ ಮರದ ದಿಮ್ಮಿಗಳನ್ನು ಎರಡು ಪದರ ಅಡ್ಡಡ್ಡ ಜೋಡಿಸಿ ಬೋಲ್ಟ್ ಹಾಕಿಸಿಕೊಳ್ಳಿ. ಬೆರಳು ಸಲೀಸಾಗಿ ಹೋಗುವ ಮಣ್ಣಿಗೆ ಇದೂ ಸಾಲದು. ಅಂಥ ದಿನ ಎತ್ತಬೇಡಿ. ಇದಕ್ಕಿಂತ ಒಳ್ಳೆಯದು ಅಂದರೆ, ಕಟ್ಟಡದ ಸುತ್ತ ಮಷೀನ್ ನಿಲ್ಲುವ ಎರಡು ಮೂರು ಜಾಗ ಗುರುತಿಸಿ, ಅಲ್ಲಿನ ಎರೆ ತೆಗೆಸಿ, ಗರಸು ತುಂಬಿಸಿ ರೋಲರ್ ಹೊಡೆಸೋದು. ಖರ್ಚು ಅನಿಸಬಹುದು. ನಾಳೆ ಒಣದ್ರಾಕ್ಷಿ ಬಾಕ್ಸ್ ಹೊತ್ತ ಲಾರಿಗಳು ಓಡಾಡಲು ಹೇಗೂ ಅಲ್ಲಿ ಗಟ್ಟಿ ನೆಲ ಬೇಕೇ ಬೇಕು, ಅಲ್ವಾ? ಆಮೇಲೆ ಮಾಡೋದನ್ನು ಈಗಲೇ ಮಾಡಿ. ಪಾಯದ ಗುಂಡಿ ಮುಚ್ಚಿದ ಹೊಸ ಮಣ್ಣಿನ ಮೇಲೆ ಮಾತ್ರ ಯಾವ ಹಾಸು ಹಾಕಿದರೂ ಸ್ಟೆಬಿಲೈಸರ್ ಊರಬೇಡಿ. ತೆರೆದ ಗುಂಡಿ ಇದ್ದರೆ ಅದು ಎಷ್ಟು ಆಳವೋ ಕನಿಷ್ಠ ಅಷ್ಟು ದೂರ ಇರಿ.

ಇಲ್ಲೊಂದು ಇಕ್ಕಟ್ಟಿದೆ, ಮುಚ್ಚಿಡೋದಿಲ್ಲ. ಅಲಾರಂ ತಪ್ಪಿಸಲು ಮಷೀನ್ ಗೋಡೆಗೆ ಹತ್ತಿರ ಬರಬೇಕು. ಗೋಡೆಯ ಬುಡದಲ್ಲೇ ಹೊಸ ಮಣ್ಣು ಇರೋದು. ಹಾಗಾಗಿ ನನ್ನ ಸಲಹೆ, ದೂರ ಕಡಿಮೆ ಮಾಡೋದಕ್ಕಿಂತ ಮೊದಲು ತೂಕ ಕಡಿಮೆ ಮಾಡಿ. 60 ಬ್ಲಾಕ್ ಬದಲು 30 ಇಟ್ಟು ಎರಡು ಸಲ ಏರಿಸಿ. ಸ್ಲ್ಯಾಬ್‌ನ ನಡುವೆ ಇಡುವ ಆಸೆ ಬಿಡಿ, ಅಂಚಿಗೇ ಇಳಿಸಿ, ಅಲ್ಲಿಂದ ಟ್ರಾಲಿಯಲ್ಲಿ ತಳ್ಳಿಸಿ. ಇಳಿಸಿದ ಪ್ಯಾಲೆಟ್ಟುಗಳನ್ನು ಒಂದೇ ಕಡೆ ಒಟ್ಟಬಾರದು, ಹಸಿ ಸ್ಲ್ಯಾಬ್ ಆದರೆ ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳದೆ ಇಡಲೇಬಾರದು. ಜಾಗ ಸಿಕ್ಕರೆ ಸ್ಕ್ಯಾಫೋಲ್ಡಿಂಗ್‌ನ ಒಂದು ಅಂಕಣ ಬಿಚ್ಚಿ ದಾರಿ ಮಾಡಿಕೊಳ್ಳಿ. ಆ ಜಾಗದಲ್ಲಿ ಸ್ಲ್ಯಾಬ್ ಅಂಚಿಗೆ ತೆಗೆದು ಹಾಕುವಂಥ ಅಡ್ಡಪಟ್ಟಿ ಇರಲಿ.

ಹೈಡ್ರಾ ವಿಷಯ. ನಮ್ಮ ಕಡೆ ಫೋನ್ ಮಾಡಿದರೆ ಗಂಟೆಯಲ್ಲಿ ಬಾಡಿಗೆಗೆ ಬರುತ್ತದೆ, ಅದು ಅದರ ದೊಡ್ಡ ಗುಣ. ಕಂಪ್ರೆಸರ್, ಉಕ್ಕಿನ ಕಾಲಮ್‌ನಂಥ ಒಂದೇ ಭಾರವಾದ ಮಾಲನ್ನು ನಿಂತಲ್ಲೇ ಎತ್ತಿಡಲು ಅದು ಸರಿ. ದಿನಕ್ಕೆ ಹತ್ತಾರು ಪ್ಯಾಲೆಟ್ ಏರಿಸಲು ಅಲ್ಲ. ಮಾಲು ಮೂಗಿನ ಮುಂದೆ ತೂಗುತ್ತಿರುತ್ತದೆ, ಡ್ರೈವರಿಗೆ ದಾರಿ ಕಾಣೋದಿಲ್ಲ. ಮಷೀನೇ ನಡುವೆ ಬಾಗಿ ತಿರುಗುವ ಮಾದರಿಯಲ್ಲಿ ಸ್ಟೀರಿಂಗ್ ತಿರುಗಿಸಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ. ಮಾಲು ಹೊತ್ತು ಎರೆಯ ಮೇಲೆ ಓಡಾಡಿದರೆ ನಿಮ್ಮ ಈಗಿನ ಕಷ್ಟವೇ ಇನ್ನೊಂದು ರೂಪದಲ್ಲಿ ಬರುತ್ತದೆ. ಎಷ್ಟೋ ದೊಡ್ಡ ಸೈಟ್‌ಗಳಲ್ಲಿ ಹೈಡ್ರಾ ಒಳಗೆ ಬಿಡದಿರುವುದು ಇದಕ್ಕೇ. ಬ್ಲಾಕ್, ಸಿಮೆಂಟ್ ಮಾತ್ರ ಏರಿಸೋದಾದರೆ ಗೋಡೆಗೆ ಕಟ್ಟಿದ ಮಟೀರಿಯಲ್ ಹಾಯ್ಸ್ಟ್ ಅಗ್ಗ. ಆದರೆ ಅದು ನಿಂತ ಜಾಗಕ್ಕೇ ಎಲ್ಲವನ್ನೂ ಹೊತ್ತು ತರಬೇಕು, ಮತ್ತೆ ಅದರಲ್ಲೂ ಜನ ಹತ್ತುವ ಹಾಗಿಲ್ಲ.

ಜನ ಅಂದೆನಲ್ಲ. ಪ್ಯಾಲೆಟ್ ಮೇಲೆ ನಿಲ್ಲಿಸಿ ಏರಿಸೋದನ್ನು ಇವತ್ತೇ ನಿಲ್ಲಿಸಿ. ಪ್ಯಾಲೆಟ್ ಫೋರ್ಕ್‌ಗೆ ಕಟ್ಟಿರೋದಿಲ್ಲ, ಸುಮ್ನೆ ಕೂತಿರುತ್ತದೆ. ಒಂದು ಅಂಚಿಗೆ ಇಬ್ಬರೂ ಬಂದರೆ ಮಗುಚುತ್ತದೆ. ಮೇಲಿದ್ದವನು ‘ಸ್ವಲ್ಪ ಎಡಕ್ಕೆ’ ಅಂದದ್ದು ಕೆಳಗಿನ ಆಪರೇಟರ್‌ಗೆ ಕೇಳೋದಿಲ್ಲ. ಪ್ಯಾನೆಲ್ ಕೆಲಸಕ್ಕೆ ಬೂಮ್ ಲಿಫ್ಟ್ ಬಾಡಿಗೆಗೆ ತನ್ನಿ, ಇಲ್ಲಾ ನಿಮ್ಮ ಮಾಡೆಲ್‌ಗೆ ತಯಾರಕರೇ ಕೊಡುವ ಮ್ಯಾನ್ ಬಾಸ್ಕೆಟ್ ತರಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಬುಟ್ಟಿ ಬೇಡ.

ಪಫ್ ಪ್ಯಾನೆಲ್ (ಕೋಲ್ಡ್ ಸ್ಟೋರೇಜ್‌ಗೆ ಹಾಕುವ, ನಡುವೆ ಫೋಮ್ ಇರುವ ಹಲಗೆ) ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. 12 ಮೀಟರ್ ಉದ್ದ, 1 ಮೀಟರ್ ಅಗಲದ ಪ್ಯಾನೆಲ್ ನೂರೈವತ್ತು ಕಿಲೋ ಒಳಗೇ ಇರುತ್ತದೆ, ಅಲಾರಂ ಕೂಗೋದೇ ಇಲ್ಲ. ಗಂಟೆಗೆ 30 ಕಿಲೋಮೀಟರ್ ಗಾಳಿ ಅದಕ್ಕೆ ನೇರ ಬಡಿದರೆ ಸುಮಾರು 50 ಕಿಲೋದಷ್ಟು ಅಡ್ಡ ತಳ್ಳುತ್ತದೆ. ಗಾಳಿ ದುಪ್ಪಟ್ಟಾದರೆ ಆ ತಳ್ಳು ನಾಲ್ಕು ಪಟ್ಟು. ಬಯಲುಸೀಮೆಯ ಗಾಳಿ ನಿಮಗೇ ಗೊತ್ತು. ಪ್ಯಾನೆಲ್ ಕೆಲಸ ಬೆಳಗಿನ ಹೊತ್ತು ಮುಗಿಸಿ, ಎರಡೂ ತುದಿಗೆ ಹಗ್ಗ ಕಟ್ಟಿ ಹಿಡಿಸಿ. ಫೋರ್ಕ್ ಮೇಲೆ ಬೆಲ್ಟ್ ನೇತುಹಾಕಿ ಎತ್ತಬೇಡಿ, ಅದು ಜಾರಿ ತುದಿಗೆ ಬರುತ್ತದೆ. ಹುಕ್ ಇರುವ ಜಿಬ್ ಬಳಸಿ.

ಮಾಲು ಹೊತ್ತು ಹೋಗುವಾಗ ಬೂಮ್ ಒಳಗೆ, ಮಾಲು ನೆಲದಿಂದ ಮೊಣಕಾಲ ಎತ್ತರಕ್ಕೆ. ಬೂಮ್ ಎತ್ತಿಕೊಂಡು ಓಡಿಸೋದು ಬೇಡ, ಹತ್ತು ಹೆಜ್ಜೆಗೂ ಬೇಡ. ಈ ಮಷೀನುಗಳಲ್ಲಿ ಕ್ಯಾಬಿನ್ ಎಡಕ್ಕೆ, ಬೂಮ್ ಬಲಕ್ಕೆ. ಬಲಗಡೆ ಹಿಂದೆ ಯಾರಿದ್ದಾರೆ ಅನ್ನೋದು ಆಪರೇಟರ್‌ಗೆ ಸರಿಯಾಗಿ ಕಾಣೋದಿಲ್ಲ. ಅಲ್ಲಿ ಸೀಟಿ ಊದಲು ಒಬ್ಬ ಬೇಕು. ಹೊಲದ ಮೇಲೆ 11 ಕೆವಿ ಲೈನ್ ಹಾದುಹೋಗಿದ್ದರೆ ಬೂಮ್‌ನ ಯಾವ ಭಾಗವೂ ಅದಕ್ಕೆ 3 ಮೀಟರ್‌ಗಿಂತ ಹತ್ತಿರ ಹೋಗಬಾರದು. ಹೋಗಲೇಬೇಕಾದರೆ ವಿದ್ಯುತ್ ಕಂಪನಿ ಹೆಸ್ಕಾಂನವರಿಂದ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿದ ಒಪ್ಪಿಗೆ) ತಗೊಂಡೇ ಕೆಲಸ ಮಾಡಿ.

ಹಳೇ ಮಷೀನ್ ಆದ್ದರಿಂದ ಇನ್ನೆರಡು ಮಾತು. ಫೋರ್ಕ್‌ನ ಬುಡ, ಅಂದರೆ ಬಾಗಿದ ಜಾಗದ ದಪ್ಪ ಅಳೆಯಿರಿ. ಹೊಸದಿದ್ದಾಗಿನದಕ್ಕಿಂತ ಶೇ. 10ರಷ್ಟು ಸವೆದಿದ್ದರೆ ಆ ಫೋರ್ಕ್ ಗುಜರಿಗೆ. ಬೂಮ್ ಒಳಗಿನ ವೇರ್ ಪ್ಯಾಡ್ ಸವೆದು ಬೂಮ್ ಅಲ್ಲಾಡುತ್ತಾ, ವೆಲ್ಡಿಂಗ್ ಹತ್ತಿರ ಬಣ್ಣ ಬಿರುಕು ಬಿಟ್ಟಿದೆಯಾ, ಟಯರ್ ಗಾಳಿ ಎರಡೂ ಕಡೆ ಒಂದೇ ಇದೆಯಾ ನೋಡಿಸಿ. ವರ್ಷಕ್ಕೊಮ್ಮೆ ಮಾನ್ಯತೆ ಇರುವ ಪರಿಣಿತರಿಂದ ತಪಾಸಣೆ ಮಾಡಿಸಿ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ಮಾರಿದವರ ಹತ್ತಿರ ಹಿಂದಿನ ಸರ್ಟಿಫಿಕೇಟ್ ಕೇಳಿ. ಇಲ್ಲ ಅಂದರೆ ಮೇಲೆ ಹೇಳಿದ ಕಾಟಾ ಪರೀಕ್ಷೆಗೂ ಮೊದಲು ಇದನ್ನೇ ಮಾಡಿಸಿ.

ಹುಡುಗನನ್ನು ಬದಲಾಯಿಸಬೇಕಾಗಿಲ್ಲ. ಯಂತ್ರದ ಮೇಲೆ ಕೈ ಕೂತವನು ಬೇಗ ಕಲಿಯುತ್ತಾನೆ. ತಯಾರಕರ ಟ್ರೇನಿಂಗ್‌ಗೆ ಕಳಿಸಿ, ವಾಪಸ್ ಬಂದಮೇಲೆ ಚಾರ್ಟ್ ಮುಂದೆ ಕೂರಿಸಿ ‘ಈ ಪ್ಯಾಲೆಟ್ ಆ ಸ್ಲ್ಯಾಬ್‌ಗೆ ಹೋಗುತ್ತಾ?’ ಎಂದು ಕೇಳಿ. ಬೂಮ್ ಮುಟ್ಟುವ ಮೊದಲೇ ಹೌದು ಅಥವಾ ಇಲ್ಲ ಅನ್ನಲು ಬಂದರೆ ಕೀ ಕೊಡಿ. ಅಲ್ಲಿಯವರೆಗೆ ಟೆಲಿಹ್ಯಾಂಡ್ಲರ್ ಓಡಿಸಿ ಗೊತ್ತಿರುವ ಆಪರೇಟರ್ ಒಬ್ಬರನ್ನು ದಿನದ ಲೆಕ್ಕಕ್ಕೆ ಕರೆಸಿಕೊಳ್ಳಿ.